ತಕ್ಕಡಿಯನ್ನು ತೂಗುವವರಾರು?

ಹೊನ್ನಾವರದ ಮೀನುಪೇಟೆಯಲ್ಲಿ ತಕ್ಕಡಿಗೆ ಸರಕಾರದ ಮುದ್ರೆ ಬಿದ್ದಿದೆಯೇ ಎಂದು ಗಿರಾಕಿ ಕೇಳಬಹುದು. ಶರಾವತಿ ಸೇತುವೆಯ ಬಳಿ ರಾತ್ರಿ ಪೊಲೀಸರು ಲಾರಿ ನಿಲ್ಲಿಸಿ ಯಂತ್ರಕ್ಕೆ ಊದು ಎಂದರೆ ಚಾಲಕ ಏನು ಕೇಳಬೇಕು?

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರವಿದ್ದರೆ ಅಪರಾಧ. ಇದು ಬಹಳ ಜನರಿಗೆ ಗೊತ್ತು. ಆ ಯಂತ್ರ ಕೇಂದ್ರ ಸರಕಾರ ಅಧಿಸೂಚನೆಯಲ್ಲಿ ಒಪ್ಪಿದ ಮಾದರಿಯದಾಗಿರಬೇಕೆಂದು 203ನೇ ಕಲಮು ಹೇಳುವುದನ್ನು ಮಾತ್ರ ನಾವು ಮರೆಯುತ್ತೇವೆ.

ಯಂತ್ರ ರಕ್ತವನ್ನು ನೋಡುವುದಿಲ್ಲ, ಉಸಿರಿನಿಂದ ಲೆಕ್ಕ ಹಾಕುತ್ತದೆ. ಮದ್ಯಸಾರವಿರುವ ಔಷಧದಿಂದ ಆಗತಾನೇ ಬಾಯಿ ಮುಕ್ಕಳಿಸಿದವನನ್ನೂ ಕುಡುಕನೆಂದೀತು. ಕಾಲು ಗಂಟೆ ಕಾದು ಮತ್ತೆ ಊದಿಸಿದರೆ ನಿಜ ತಿಳಿಯುತ್ತದೆ. ಕೆಟ್ಟ ಯಂತ್ರ ನಿಜವಾದ ಕುಡುಕನನ್ನು ಬಿಟ್ಟೂಬಿಟ್ಟೀತು. ಆಗ ಸಾಯುವವರು ದಾರಿಹೋಕರು.

ಕುಡಿದು ಓಡಿಸುವವನ ಮೇಲೆ ನನಗೆ ಕನಿಕರವಿಲ್ಲ. ಆದರೆ ಹೆಂಡ ಮುಟ್ಟದವನಿಗೆ ದಂಡಕ್ಕಿಂತ ಮಾನ ದೊಡ್ಡದು. ಮೀನಿನ ತೂಕಕ್ಕೆ ಕೊಟ್ಟ ನ್ಯಾಯವನ್ನು ಮನುಷ್ಯನ ಮಾನಕ್ಕೂ ಕೊಡಬೇಡವೇ?