ಸಾಹಸವೆಂಬ ಮಾತು

ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಮೆ ಉಷ್ಣತೆಯು 7.8 ಡಿಗ್ರಿ, ಅದು 1884ನೆಯ ಇಸವಿ ಜನವರಿ 13ರ ಮಾತು. ಆದುದರಿಂದ ಹಲಸೂರಿನ ಕೆರೆಯು ಕಲ್ಲಿನಂತೆ ಹೆಪ್ಪುಗಟ್ಟುವುದನ್ನು ಲಿಂಗರಾಜಪುರದ ಗೃಹಸ್ಥನು ಕನಸಿನಲ್ಲಿಯೂ ಕಾಣಲಾರನು. ಉತ್ತರದ ದೇಶಗಳಲ್ಲಿಯಾದರೋ ಅಂತಹ ಸರೋವರದ ಹಿಮದಲ್ಲಿ ರಂಧ್ರವನ್ನು ಕೊರೆದು, ಒಂದೇ ಉಸಿರನ್ನು ಎದೆಯಲ್ಲಿ ಹಿಡಿದು ಇಳಿದು, ಕೆಳಗಿನ ಕತ್ತಲೆಯಲ್ಲಿ ಈಜಿ, ದೂರದ ಮತ್ತೊಂದು ರಂಧ್ರದಲ್ಲಿ ತಲೆಯೆತ್ತುವವರುಂಟು. ಫಿನ್ಲೆಂಡಿನ ಯೊಹಾನ್ನಾ ನೂರ್ಡ್‌ಬ್ಲಾಡ್ ಎಂಬ ಮಹಿಳೆಯು 2021ರಲ್ಲಿ ಹೀಗೆ 103 ಮೀಟರು ಈಜಿದಳು. ಇದರಿಂದ ಲೋಕಕ್ಕೇನು ಲಾಭ? ಇದನ್ನು ಸಾಹಸವೆನ್ನಬೇಕೆ, ಹುಚ್ಚೆನ್ನಬೇಕೆ?

ಸಾಹಸವೆಂಬ ಶಬ್ದವೇ ಎರಡು ನಾಲಗೆಯುಳ್ಳದ್ದು. ಸ್ಮೃತಿಗಳ ವ್ಯವಹಾರಪ್ರಕರಣದಲ್ಲಿ ಅದು ಬಲಾತ್ಕಾರದಿಂದ ಮಾಡಿದ ಅಪರಾಧ, ದಂಡಾರ್ಹವಾದುದು. ರನ್ನನಲ್ಲಿ ಅದೇ ಬಿರುದಾಗಿ, ‘ಸಾಹಸಭೀಮವಿಜಯ’ವೆಂಬ ಕಾವ್ಯದ ಹೆಸರಿನಲ್ಲಿಯೇ ಕುಳಿತಿದೆ. ಆದರೆ ಆ ಕಾವ್ಯದಲ್ಲಿ ಸರೋವರದೊಳಗೆ ಅಡಗಿದವನು ಭೀಮನಲ್ಲ, ದುರ್ಯೋಧನನು. ಜಲಮಂತ್ರದ ಬಲವಿರುವ ಅವನನ್ನು ನೀರು ಏನೂ ಮಾಡದು. ದಡದಿಂದ ಕೇಳಿಬಂದ ಗರ್ಜನೆಗೆ ಮಾತ್ರ ಅವನು ನೀರಿನಲ್ಲಿದ್ದೂ ಬೆವರುತ್ತಾನೆ. ಮುಳುಗುವ ಕ್ರಿಯೆಯೊಂದನ್ನೇ ನೋಡಿ ಅದಕ್ಕೆ ಬೆಲೆ ಕಟ್ಟುವುದು ಸಾಧ್ಯವಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕೆ? ಏತಕ್ಕಾಗಿ ಮುಳುಗಿದನು, ಯಾರು ಇಳಿಸಿದರು ಎಂಬುದನ್ನೂ ಕೇಳಬೇಕಾಗುತ್ತದೆ.

ತನ್ನ ಪ್ರಾಣ, ತನ್ನ ಇಚ್ಛೆ ಎಂಬ ಸಮಾಧಾನವನ್ನು ಹೇಳುವವರುಂಟು. ಅದು ಅಷ್ಟು ಸುಲಭವಲ್ಲ. ಹಾಲೆಂಡಿನ ವಿಮ್ ಹಾಫನು 2000ದಲ್ಲಿ ಹಿಮದಡಿಯಲ್ಲಿ 57.5 ಮೀಟರು ಈಜಿದುದು ಪ್ರಸಿದ್ಧವಾಗಿದೆ. ಅದಕ್ಕೆ ಮುಂಚೆ ಪರೀಕ್ಷಾರ್ಥವಾಗಿ ಇಳಿದಾಗ ಅವನ ಕಣ್ಣಿನ ಪೊರೆಯು ಹೆಪ್ಪುಗಟ್ಟಿ, ರಂಧ್ರವು ಕಾಣದೆ ಹೋಗಿ, ಕಾವಲಿದ್ದ ಮುಳುಗುಗಾರನೊಬ್ಬನು ಎಳೆದು ತರಬೇಕಾಯಿತು. ಉಸಿರಾಡಬೇಕೆಂಬ ಹಂಬಲವನ್ನು ಮುಖ್ಯವಾಗಿ ಹುಟ್ಟಿಸುವುದು ರಕ್ತದಲ್ಲಿ ಹೆಚ್ಚುವ ಇಂಗಾಲದ ಡೈಆಕ್ಸೈಡು, ಆಮ್ಲಜನಕದ ಕೊರತೆಯಲ್ಲ. ಇಳಿಯುವ ಮುನ್ನ ಅತಿಯಾಗಿ ಉಸಿರಾಡಿದವನಿಗೆ ಈ ಎಚ್ಚರಿಕೆಯು ತಡವಾಗಿ, ಇಲ್ಲವೆ ಬಾರದೆಯೇ, ಎಚ್ಚರ ತಪ್ಪುತ್ತದೆ. ಆದುದರಿಂದಲೇ ಹಿಮದಡಿಯಲ್ಲಿ ಹಗ್ಗ, ಮೇಲೆ ಕಾಯುವ ಜನ. ಒಬ್ಬನ ಇಚ್ಛೆಗೆ ನಾಲ್ವರ ಜೀವವು ಸಾಕ್ಷಿ ನಿಲ್ಲುತ್ತದೆ.

ಹಿಮವಿಲ್ಲದ ನಮ್ಮ ನಗರಗಳ ಬೀದಿಗಳಲ್ಲಿಯೂ ಮುಚ್ಚಳವಿರುವ ರಂಧ್ರಗಳುಂಟು; ಉಸಿರು ಹಿಡಿದು ಅವುಗಳಲ್ಲಿ ಇಳಿದವರೂ ಉಂಟು. ಚರಂಡಿಯ ಹೈಡ್ರೋಜನ್ ಸಲ್ಫೈಡು ದಟ್ಟವಾದಾಗ ಮೊದಲು ಮೂಗನ್ನೇ ಕೊಲ್ಲುತ್ತದೆ. ನಾತವು ನಿಂತಿತೆಂದು ಕೆಲಸಗಾರನು ನಂಬುವ ಗಳಿಗೆಯೇ ಅಪಾಯದ ಗಳಿಗೆ. 2013ರ ಕಾಯಿದೆಯು ರಕ್ಷಣೆಯಿಲ್ಲದೆ ಹೀಗೆ ಇಳಿಸುವುದನ್ನು ನಿಷೇಧಿಸಿತು. ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ವಿಧಿಸಿದ್ದ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೇರಿಸಿತು. ಮರಣಗಳು ನಿಂತಿದ್ದರೆ ಏರಿಸುವ ಕಾರಣವಿರುತ್ತಿರಲಿಲ್ಲ. ನೂರ್ಡ್‌ಬ್ಲಾಡಳು ತನಗೆ ಬದಲಾಗಿ ಯಾರನ್ನೂ ಇಳಿಸಲಿಲ್ಲ. ಆ ಮಟ್ಟಿಗೆ ಅವಳ ನಿರರ್ಥಕವಾದ ಈಜು ನಿರ್ದೋಷವಾದುದು. ಸ್ವಂತ ಮನೆಯ ಕೊಳಕಿಗೆ ಹಸಿದವನೊಬ್ಬನನ್ನು ಇಳಿಸಿ, ಬಳಿಕ ಅವನನ್ನು ಧೀರನೆಂದು ಹೊಗಳುವ ಗೃಹಸ್ಥನಿಗೆ ಅವಳನ್ನು ಹುಚ್ಚಿಯೆನ್ನುವ ಅಧಿಕಾರವಿಲ್ಲ. ಇಳಿದವನ ಕೆಲಸವು ಸಾಹಸವಲ್ಲ, ನಿರ್ಬಂಧ. ಸ್ಮೃತಿಕಾರರ ಅರ್ಥದ ಸಾಹಸವು ಅಲ್ಲಿ ಇಳಿಸಿದವನದು.

ಆದರೆ ಆ ಗುಂಡಿಗಳಲ್ಲಿ ಅನೇಕ ವೇಳೆ ಇಬ್ಬರು ಸಾಯುತ್ತಾರೆ. ಮೊದಲನೆಯವನು ಕೂಲಿಗಾಗಿ ಇಳಿದವನು. ಎರಡನೆಯವನನ್ನು ಯಾರೂ ಇಳಿಸಿರುವುದಿಲ್ಲ. ಕೆಳಗಿನಿಂದ ದನಿ ಬಾರದಿದ್ದಾಗ, ಹಗ್ಗವಿಲ್ಲದೆ, ಜೊತೆಗಾರನ ಕೈ ಹಿಡಿಯಲು ಅವನಾಗಿಯೇ ಇಳಿದಿರುತ್ತಾನೆ.