ಬೇಸ್‌ವಾಟರ್ ಕ್ಲಬ್ಬಿನ ಕಾರ್ಯದರ್ಶಿ

ಮೊದಲ ಸಲ ಒಬ್ಬರೇ ಪರದೇಶಕ್ಕೆ ಹೊರಟ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಹೇಳಿ ಕಳಿಸುವ ಮಾತು ಹೆಚ್ಚುಕಡಿಮೆ ಒಂದೇ. ನಾಚಿಕೊಂಡು ಕೂರಬೇಡ, ಬಾಯಿಬಿಟ್ಟು ಕೇಳು, ನಾಲ್ಕು ಜನರ ಜೊತೆ ಬೆರೆ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎಂಬ ಗಾದೆಯೂ ಅದರ ಹಿಂದೆಯೇ ಬರುತ್ತದೆ. ಬಾಯಿಲ್ಲದವರು ಏನು ಮಾಡಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ. ಹಾಗೆ ಬಾಯಿಲ್ಲದೆ ಹೊರಟ ಒಬ್ಬ ಹುಡುಗನ ಕಥೆ ನಮಗೆಲ್ಲ ಗೊತ್ತಿರುವ ಪುಸ್ತಕದಲ್ಲೇ ಇದೆ. ಅದು ಗೊರೂರು ರಾಮಸ್ವಾಮಿ ಅಯ್ಯಂಗಾರರು ಕನ್ನಡಕ್ಕೆ ತಂದ ಗಾಂಧೀಜಿಯವರ ಆತ್ಮಕಥೆ. ಚಿಕ್ಕಂದಿನಲ್ಲಿ ಅದನ್ನು ಓದುವಾಗ ಲಂಡನ್ನಿನ ಅಧ್ಯಾಯಗಳನ್ನು ಬೇಗಬೇಗ ದಾಟಿ ದಕ್ಷಿಣ ಆಫ್ರಿಕಕ್ಕೆ ಹೋಗುತ್ತಿದ್ದೆ. ಊರು ಬಿಟ್ಟು ನಾನೂ ಈ ಪರದೇಶಕ್ಕೆ ಬಂದ ಮೇಲೆ ಅದೇ ಅಧ್ಯಾಯಗಳು ನನ್ನನ್ನು ಹಿಡಿದು ನಿಲ್ಲಿಸುತ್ತವೆ.

1888ರ ಸೆಪ್ಟೆಂಬರ್ 4ರಂದು ‘ಕ್ಲೈಡ್’ ಹಡಗು ಬೊಂಬಾಯಿ ಬಿಟ್ಟಾಗ ಮೋಹನದಾಸನಿಗೆ ಇನ್ನೂ 19 ತುಂಬಿರಲಿಲ್ಲ. ಮನೆಯಲ್ಲಿ ಹೆಂಡತಿ, ಕೆಲವೇ ತಿಂಗಳ ಕೂಸು. ಹೆಂಡ, ಮಾಂಸ, ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ತಾಯಿಯನ್ನು ಒಪ್ಪಿಸಲು ಮಾಡಿದ ಆಣೆ ಬೇರೆ. ಸಮುದ್ರ ದಾಟಬಾರದೆಂದು ಜಾತಿಯ ಹಿರಿಯರು ಸಭೆ ಸೇರಿಸಿ ತಡೆದರು, ಕೇಳದಿದ್ದಾಗ ಬಹಿಷ್ಕಾರ ಹಾಕಿದರು. ಬಂದರಿಗೆ ಹೋಗಿ ಅವನನ್ನು ಬೀಳ್ಕೊಟ್ಟವರಿಗೂ 1 ರೂಪಾಯಿ 4 ಆಣೆ ದಂಡ. ಆ ಸಭೆಯ ನಡುವೆ ನಿಂತು ಹುಡುಗ ತಾನು ಹೋಗಿಯೇ ತೀರುವೆನೆಂದು ಹೇಳಿದ. ಆದರೆ ಅದಕ್ಕೆ ಮೊದಲು, ರಾಜಕೋಟೆಯ ಹೈಸ್ಕೂಲಿನ ಬೀಳ್ಕೊಡುಗೆಯಲ್ಲಿ, ಬರೆದುಕೊಂಡು ಬಂದಿದ್ದ ಕೃತಜ್ಞತೆಯ ನಾಲ್ಕು ಮಾತನ್ನು ಓದಲಾಗದೆ ತೊದಲಿದ್ದ. ತಲೆ ಸುತ್ತಿತು, ಮೈಯೆಲ್ಲ ನಡುಗಿತು ಎಂದು ಅವನೇ ಬರೆದಿದ್ದಾನೆ. ಸಂಕೋಚದ ಮಕ್ಕಳನ್ನು ಪುಕ್ಕಲರೆಂದು ತಿಳಿಯುವವರು ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಬಹಿಷ್ಕಾರಕ್ಕೆ ಹೆದರದವನು ಚಪ್ಪಾಳೆಯ ಮುಂದೆ ನಡುಗಿದ.

ಹಡಗಿನಲ್ಲಿ ಅವನ ಕ್ಯಾಬಿನ್ನಿನಲ್ಲಿದ್ದವರು ಜುನಾಗಢದ ವಕೀಲ ತ್ರ್ಯಂಬಕರಾಯ್ ಮಜಮುದಾರ್, ಲೋಕ ಕಂಡ ಹಿರಿಯರು. ಅವರು ಎಲ್ಲರೊಡನೆ ಹರಟುತ್ತ ಡೆಕ್ಕಿನ ಮೇಲೆ ಓಡಾಡಿದರೆ ಹುಡುಗ ಕ್ಯಾಬಿನ್ ಬಿಟ್ಟು ಹೊರಗೆ ಬರುತ್ತಿದ್ದುದೇ ಅಪರೂಪ. ಇಂಗ್ಲಿಷಿನ ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಮೊದಲು ಜೋಡಿಸಿಕೊಳ್ಳಬೇಕು. ಜೋಡಿಸುವಷ್ಟರಲ್ಲಿ ಎದುರಿದ್ದವರು ಹೋಗಿಬಿಟ್ಟಿರುತ್ತಾರೆ. ಮೇಜಿನ ಮೇಲೆ ಚಾಕು, ಫೋರ್ಕು ಹಿಡಿಯುವ ಕ್ರಮ ತಿಳಿಯದು. ಯಾವ ತಿನಿಸಿನಲ್ಲಿ ಮಾಂಸವಿಲ್ಲ ಎಂದು ಕೇಳಲು ಧೈರ್ಯವಿಲ್ಲ. ಹಾಗಾಗಿ ಊಟದ ಮೇಜಿಗೇ ಹೋಗದೆ, ಮನೆಯಿಂದ ಕಟ್ಟಿಕೊಂಡು ಬಂದ ಸಿಹಿತಿಂಡಿ, ಹಣ್ಣುಗಳಲ್ಲೇ ಹೆಚ್ಚುಪಾಲು ಹೊಟ್ಟೆ ಹೊರೆದ. ಲಾಯರಾಗುವವನಿಗೆ ನಾಲಿಗೆ ಉದ್ದವಿರಬೇಕು, ತಪ್ಪಾದರೂ ಸರಿ ಮಾತಾಡು ಎಂದು ಮಜಮುದಾರರು ಮತ್ತೆ ಮತ್ತೆ ಹೇಳಿದರು. ನಾವೂ ನಮ್ಮ ಮಕ್ಕಳಿಗೆ ಹೇಳುವುದು ಅದನ್ನೇ. ಒಳ್ಳೆಯ ಮಾತೇ, ಆದರೆ ಹುಡುಗನಿಗೆ ಅದರಿಂದ ಒಂದು ಹೊತ್ತಿನ ಊಟವೂ ಸಿಗಲಿಲ್ಲ.

ಬಿಳಿ ಫ್ಲಾನೆಲ್ ಸೂಟು ತೊಟ್ಟು ಸೆಪ್ಟೆಂಬರ್ ಕೊನೆಯ ಇಂಗ್ಲೆಂಡಿನಲ್ಲಿ ಇಳಿದದ್ದು, ಆ ಬಣ್ಣದ ಬಟ್ಟೆ ತೊಟ್ಟವನು ತಾನೊಬ್ಬನೇ ಎಂದು ಕಂಡು ಕುಗ್ಗಿದ್ದು ಎಲ್ಲರಿಗೂ ಗೊತ್ತು. ಅದಕ್ಕಿಂತ ನನ್ನನ್ನು ಕಲಕುವುದು ಅವನ ಹಸಿವು. ರಿಚ್ಮಂಡಿನಲ್ಲಿ ಪರಿಚಿತರೊಬ್ಬರ ಮನೆಯಲ್ಲಿದ್ದಾಗ ಮಧ್ಯಾಹ್ನ, ರಾತ್ರಿ ಎರಡು ಹೊತ್ತೂ ಪಾಲಕ್, ಬ್ರೆಡ್ಡು, ಜಾಮು. ಒಳ್ಳೆಯ ಹಸಿವಿನ ಹುಡುಗ ಅವನು. ಎರಡು ಮೂರು ಸ್ಲೈಸಿಗಿಂತ ಹೆಚ್ಚು ಕೇಳಲು ನಾಚಿಕೆ. ಆಮೇಲೆ ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ ಒಬ್ಬ ವಿಧವೆಯ ಮನೆ. ಆಕೆ ದಿನವೂ ಊಟ ಹಿಡಿಸಿತೇ ಎಂದು ಕೇಳುತ್ತಿದ್ದಳು. ಆಕೆಯ ಇಬ್ಬರು ಹೆಣ್ಣುಮಕ್ಕಳು ಒತ್ತಾಯ ಮಾಡಿ ಇನ್ನೊಂದೆರಡು ಸ್ಲೈಸು ಬಡಿಸುತ್ತಿದ್ದರು. ಒಂದು ಇಡೀ ಬ್ರೆಡ್ಡೇ ಬೇಕಾದ ಹೊಟ್ಟೆ ಅದೆಂದು ಅವರಿಗೇನು ಗೊತ್ತು?

ಈ ಸಂಕಟ ನಮ್ಮ ಕಡೆಯಿಂದ ಬಂದವರಿಗೆ ಹೆಚ್ಚು ಅರ್ಥವಾಗುತ್ತದೆ. ನಮ್ಮ ಮನೆಗಳಲ್ಲಿ ಎಲೆಯ ಮುಂದೆ ಕೂತವರು ಮೊದಲ ಸಲ ಬೇಡವೆಂದರೆ ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಇನ್ನೊಂಚೂರು ಹಾಕಿಸಿಕೋ ಎಂದು ಸೌಟು ಮುಂದೆ ಬಂದೇ ಬರುತ್ತದೆ. ಸಂಕೋಚದ ಮಗುವೂ ಆ ಉಪಚಾರದಿಂದಲೇ ಹೊಟ್ಟೆ ತುಂಬಿಸಿಕೊಂಡು ಏಳುತ್ತದೆ, ಬಾಯಿಬಿಟ್ಟು ಕೇಳುವ ಪ್ರಮೇಯವೇ ಅದಕ್ಕೆ ಬಂದಿರುವುದಿಲ್ಲ. ಇಲ್ಲಿ ಬೇಡವೆಂದರೆ ಬೇಡವೆಂದೇ. ತಟ್ಟೆ ಎತ್ತುತ್ತಾರೆ. ಅದು ಒರಟುತನವಲ್ಲ, ನಮ್ಮ ಮಾತಿಗೆ ಅವರು ಕೊಡುವ ಮರ್ಯಾದೆ. ಆದರೂ ಹೊಸಬನ ಹೊಟ್ಟೆ ಖಾಲಿಯೇ.

ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿದ್ದಾಗ ಸಸ್ಯಾಹಾರಿ ಹೋಟೆಲು ಹುಡುಕುತ್ತ ದಿನಕ್ಕೆ 10-12 ಮೈಲಿ ನಡೆದ. ಕೊನೆಗೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಒಂದು ಕಣ್ಣಿಗೆ ಬಿತ್ತು. ಬಾಗಿಲ ಬಳಿಯ ಗಾಜಿನ ಹಿಂದೆ ಮಾರಾಟಕ್ಕಿಟ್ಟ ಪುಸ್ತಕಗಳಲ್ಲಿ ಹೆನ್ರಿ ಸಾಲ್ಟ್ ಸಸ್ಯಾಹಾರದ ಪರವಾಗಿ ಬರೆದ ಪುಸ್ತಕವೂ ಇತ್ತು. 1 ಶಿಲ್ಲಿಂಗ್ ಕೊಟ್ಟು ಅದನ್ನು ಕೊಂಡು ನೇರವಾಗಿ ಊಟದ ಕೋಣೆಗೆ ನಡೆದ. ಇಂಗ್ಲೆಂಡಿಗೆ ಬಂದ ಮೇಲೆ ಅವನು ಹೊಟ್ಟೆತುಂಬ ಉಂಡ ಮೊದಲ ಊಟ ಅದು. ಅಲ್ಲಿ ಏನನ್ನೂ ವಿವರಿಸಬೇಕಾಗಿರಲಿಲ್ಲ, ಇದರಲ್ಲಿ ಮಾಂಸವಿದೆಯೇ ಎಂದು ಕೇಳಬೇಕಾಗಿರಲಿಲ್ಲ. ಆ ಊಟದ ರುಚಿಯಲ್ಲಿ ಅರ್ಧ ಪಾಲು ಈ ನೆಮ್ಮದಿಯದೇ ಎಂದು ನನಗೆ ಅನ್ನಿಸುತ್ತದೆ.

ಆ ಹೋಟೆಲಿನ ದಾರಿಯಿಂದಲೇ ಅವನಿಗೆ ಒಂದು ಬಳಗ ಸಿಕ್ಕಿತು. ಲಂಡನ್ನಿನ ಸಸ್ಯಾಹಾರಿ ಸಂಘ ಅವನನ್ನು ತನ್ನ ಕಾರ್ಯಕಾರಿ ಸಮಿತಿಗೆ ಆರಿಸಿತು. ಸಮಿತಿಯ ಸಭೆಗಳಿಗೆ ತಪ್ಪದೆ ಹೋಗುತ್ತಿದ್ದ, ಒಂದು ಮಾತೂ ಆಡುತ್ತಿರಲಿಲ್ಲ. ‘ದಿ ವೆಜಿಟೇರಿಯನ್’ ಪತ್ರಿಕೆಯ ಸಂಪಾದಕ ಜೋಸಯ್ಯ ಓಲ್ಡ್‌ಫೀಲ್ಡ್, ನನ್ನ ಹತ್ತಿರ ಚೆನ್ನಾಗಿ ಮಾತಾಡುವವನು ಸಮಿತಿಯಲ್ಲಿ ಯಾಕೆ ತುಟಿ ಬಿಚ್ಚುವುದಿಲ್ಲ ಎಂದು ಅವನನ್ನು ಕೆಣಕಿದ್ದುಂಟು.

ಹೀಗಿರುವಾಗ ಸಮಿತಿಯ ಮುಂದೆ ಒಂದು ಗಂಭೀರ ವಿಷಯ ಬಂತು. ಡಾ. ಅಲಿನ್ಸನ್ ಎಂಬ ಸದಸ್ಯರು ಸಂತಾನ ನಿಯಂತ್ರಣವನ್ನು ಬಹಿರಂಗವಾಗಿ ಬೆಂಬಲಿಸುತ್ತಿದ್ದರು. ಅವರನ್ನು ಸಂಘದಿಂದ ತೆಗೆಯಬೇಕೆಂದು ಅಧ್ಯಕ್ಷ ಅರ್ನಾಲ್ಡ್ ಹಿಲ್ಸ್ ಪಟ್ಟು ಹಿಡಿದರು. ಹಿಲ್ಸ್ ಎಂದರೆ ಥೇಮ್ಸ್ ಐರನ್‌ವರ್ಕ್ಸ್‌ನ ಒಡೆಯರು. ಸಂಘ ನಡೆಯುತ್ತಿದ್ದುದೇ ಬಹುಮಟ್ಟಿಗೆ ಅವರ ಹಣದಿಂದ. ಹುಡುಗನಿಗೆ ಅವರ ಮೇಲೆ ತುಂಬ ಗೌರವ. ಸಂತಾನ ನಿಯಂತ್ರಣದ ವಿಷಯದಲ್ಲಿ ಅವನ ಅಭಿಪ್ರಾಯವೂ ಅವರದೇ. ಆದರೂ ಸಸ್ಯಾಹಾರದ ಸಂಘವೊಂದು ಸಸ್ಯಾಹಾರಕ್ಕೆ ಸಂಬಂಧವೇ ಇಲ್ಲದ ಕಾರಣಕ್ಕೆ ಸದಸ್ಯನನ್ನು ಹೊರಹಾಕುವುದು ನ್ಯಾಯವಲ್ಲವೆಂದು ಅವನಿಗೆ ತೋರಿತು. ಮನೆಯಲ್ಲಿ ಕೂತು ಬರೆದ. ಕಾಗದ ಜೇಬಿನಲ್ಲಿಟ್ಟುಕೊಂಡು ಸಭೆಗೆ ಬಂದ. ಎದ್ದು ಓದಲು ಧೈರ್ಯ ಬರಲಿಲ್ಲ. ಅಧ್ಯಕ್ಷರು ಇನ್ನೊಬ್ಬರ ಕೈಯಲ್ಲಿ ಅದನ್ನು ಓದಿಸಿದರು. ಅಲಿನ್ಸನ್ ಪರದವರು ಸೋತರು.

ಇಲ್ಲಿ ಹಿಲ್ಸ್ ಅವರ ನಡತೆಯನ್ನು ಗಮನಿಸಬೇಕು. ತನ್ನ ವಿರುದ್ಧವೇ ಬರೆದ ಕಾಗದ ಅದು. ಓದಲಾಗದಿದ್ದರೆ ಬಿಡು ಎಂದು ಮುಂದಿನ ವಿಷಯಕ್ಕೆ ಹೋಗಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಹುಡುಗನ ದನಿ ಹೊರಡದಿದ್ದರೂ ಅವನ ಮಾತು ಸಭೆಗೆ ತಲುಪಬೇಕೆಂದು ಅವರು ನೋಡಿಕೊಂಡರು. ಎಷ್ಟು ಸಭೆಗಳಲ್ಲಿ ಇದು ನಡೆಯುತ್ತದೆ?

ಬೇಸ್‌ವಾಟರ್ ಬಡಾವಣೆಯಲ್ಲಿದ್ದಾಗ ಅವನೇ ಒಂದು ಸಸ್ಯಾಹಾರಿ ಕ್ಲಬ್ಬು ಹುಟ್ಟುಹಾಕಿದ. ಓಲ್ಡ್‌ಫೀಲ್ಡ್ ಅಧ್ಯಕ್ಷರು. ಭಗವದ್ಗೀತೆಯನ್ನು ಇಂಗ್ಲಿಷ್ ಪದ್ಯಕ್ಕೆ ತಂದ ಸರ್ ಎಡ್ವಿನ್ ಅರ್ನಾಲ್ಡ್ ಅದೇ ಬಡಾವಣೆಯಲ್ಲಿದ್ದರು, ಅವರನ್ನು ಕೇಳಿಕೊಂಡು ಉಪಾಧ್ಯಕ್ಷರನ್ನಾಗಿ ಮಾಡಿದ. ತಾನು ಕಾರ್ಯದರ್ಶಿ. ಬ್ರೆಡ್ಡು ಕೇಳಲು ನಾಚುತ್ತಿದ್ದವನು ಕ್ಲಬ್ಬಿಗೋಸ್ಕರ ಒಬ್ಬ ಹೆಸರಾಂತ ಕವಿಯನ್ನು ಕೇಳಿದ. ಕೆಲವು ತಿಂಗಳಿಗೆ ಕ್ಲಬ್ಬು ನಿಂತುಹೋಯಿತು, ಏಕೆಂದರೆ ಅವನು ಬಿಡಾರ ಬದಲಿಸಿದ. ಆದರೆ ಸಂಸ್ಥೆ ನಡೆಸುವುದರ ಮೊದಲ ಪಾಠ ಅಲ್ಲೇ ಸಿಕ್ಕಿತೆಂದು ಆತ್ಮಕಥೆಯಲ್ಲಿ ನೆನೆದಿದ್ದಾನೆ. 1891ರ ಫೆಬ್ರುವರಿಯಲ್ಲಿ ‘ದಿ ವೆಜಿಟೇರಿಯನ್’ನಲ್ಲಿ ಅವನ ಲೇಖನಗಳು ಬರತೊಡಗಿದವು. ಅದೇ ವರ್ಷದ ಜೂನ್‌ನಲ್ಲಿ, ಬ್ಯಾರಿಸ್ಟರ್ ಆಗಿ ಊರಿಗೆ ಹೊರಡುವ ಮುನ್ನ, ಹಾಲ್‌ಬರ್ನ್ ರೆಸ್ಟೋರೆಂಟಿನಲ್ಲಿ ಗೆಳೆಯರಿಗೆ ಔತಣ ಕೊಟ್ಟು ಮಾತಾಡಲು ಎದ್ದು ನಿಂತವನು ಮೊದಲ ವಾಕ್ಯ ದಾಟಲಾಗದೆ ಕೂತುಬಿಟ್ಟ. ಮೂರು ವರ್ಷದ ಲಂಡನ್ ವಾಸ ಅವನ ಸಂಕೋಚವನ್ನು ಕಳೆದಿರಲಿಲ್ಲ.

ಮುಂದೆ 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದವರು ಇವರೇ ಎಂದು ಹೇಳಿ ಕಥೆ ಮುಗಿಸುವುದು ವಾಡಿಕೆ. ಹಾಗೆ ಹೇಳಿದರೆ ಸಂಕೋಚವೆಂಬುದು ದಾಟಿ ಬಿಡಬೇಕಾದ ಹೊಳೆ, ಆಚೆ ದಡ ಸೇರಿದವನೇ ಗೆದ್ದವನು ಎಂದಾಗುತ್ತದೆ. ಈಚೆ ದಡದಲ್ಲೇ ಉಳಿದವರೂ ನಮ್ಮ ಮಕ್ಕಳೇ. ಅವರಿಗೆ ನಾವು ಏನು ಮಾಡುತ್ತಿದ್ದೇವೆ? ಪ್ರತಿ ಸೆಪ್ಟೆಂಬರ್‌ನಲ್ಲಿ ಇಲ್ಲಿನ ವಿಶ್ವವಿದ್ಯಾಲಯಗಳಿಗೆ ನಮ್ಮ ಊರುಗಳಿಂದ ಹುಡುಗ ಹುಡುಗಿಯರು ಬರುತ್ತಾರೆ. ಇಲ್ಲಿನ ನಮ್ಮವರ ಸಂಘದ ಮೊದಲ ಕಾರ್ಯಕ್ರಮದಲ್ಲಿ ಅವರನ್ನು ಸಾಲಾಗಿ ವೇದಿಕೆಗೆ ಕರೆದು, ಮೈಕು ಕೊಟ್ಟು, ಹೆಸರು, ಊರು ಹೇಳಿ, ಒಂದು ಹಾಡು ಹೇಳಿ ಎನ್ನುತ್ತೇವೆ. ಪ್ರೀತಿಯಿಂದಲೇ ಕರೆಯುತ್ತೇವೆ. ಆದರೆ ಆ ಸಾಲಿನಲ್ಲಿ ಮೈಕು ತನ್ನ ಹತ್ತಿರ ಬರುವುದನ್ನು ನೋಡುತ್ತ ಒಣಗಿದ ತುಟಿ ಸವರಿಕೊಳ್ಳುವ ಒಂದಿಬ್ಬರು ಇದ್ದೇ ಇರುತ್ತಾರೆ. ಮುಂದಿನ ಹಬ್ಬಕ್ಕೆ ಅವರು ಬರುವುದಿಲ್ಲ.

ಈ ಪದ್ಧತಿಯನ್ನು ಬಿಟ್ಟುಬಿಡೋಣ ಎಂದು ನಮ್ಮ ಸಂಘದ ಸಮಿತಿಯನ್ನು ಕೇಳಿಕೊಳ್ಳುತ್ತಿದ್ದೇನೆ. ಹಾಡುವ ಆಸೆಯಿದ್ದವರು ತಾವೇ ಹೆಸರು ಕೊಡುತ್ತಾರೆ. ಉಳಿದವರಿಗೆ ಬಾಗಿಲ ಬಳಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸವಿದೆ, ಸಭಾಂಗಣದ ಲೆಕ್ಕವಿದೆ, ಸ್ಮರಣ ಸಂಚಿಕೆಯ ಕರಡು ತಿದ್ದುವುದಿದೆ. ಸಮಿತಿಯ ಸಭೆಯಲ್ಲಿ ಹೇಳಲಾಗದ್ದನ್ನು ಬರೆದು ಕೊಟ್ಟರೆ ಓದಿ ಹೇಳಲು ಒಬ್ಬರು ಇರಲಿ. ಮತ್ತೆ ಊಟದ ಸಾಲಿನಲ್ಲಿ ಬಡಿಸುವವರಿಗೆ ಒಂದು ಮಾತು: ಹೊಸ ಮುಖಗಳು ಸಾಕು ಎಂದರೆ ಕೂಡಲೇ ಮುಂದಕ್ಕೆ ಹೋಗಬೇಡಿ, ಇನ್ನೊಂದು ಸಲ ಕೇಳಿ.