ಪಾದ ಮುಟ್ಟುವವರು ಪಾದವನ್ನು ನೋಡಬೇಡವೆ?



ನಾವು ಬಾಗಿ ಪಾದ ಮುಟ್ಟುವ ಜನ. ಗುರುಹಿರಿಯರು ಎದುರಾದೊಡನೆ ನಮ್ಮ ಬೆನ್ನು ತಾನಾಗಿಯೇ ಬಾಗುತ್ತದೆ. ಮನೆಗೆ ಜಂಗಮರು ಬಿಜಯಂಗೈದರೆ ಮೊದಲು ಪಾದ ತೊಳೆದು, ಆನಂತರವೇ ಒಳಗೆ ಕರೆಯುತ್ತೇವೆ. ದೇಹದಲ್ಲಿ ಎಲ್ಲಕ್ಕಿಂತ ಕೆಳಗಿರುವ ಅವಯವಕ್ಕೆ ಎಲ್ಲಕ್ಕಿಂತ ಮೇಲಾದ ಮರ್ಯಾದೆಯನ್ನು ಸಲ್ಲಿಸುವ ಈ ಪದ್ಧತಿ ಸಾಮಾನ್ಯವಾದುದಲ್ಲ. ಆದರೆ ಒಂದು ಪ್ರಶ್ನೆ. ನಿನ್ನೆಯೋ ಮೊನ್ನೆಯೋ ನೀವು ಮುಟ್ಟಿದ ಆ ಪಾದ ಹೇಗಿತ್ತು? ಹಿಮ್ಮಡಿ ಒಡೆದಿತ್ತೆ? ಬೆರಳು ಬಾತಿದ್ದಿತೆ? ಉಗುರು ಮಾಂಸದೊಳಕ್ಕೆ ಇಳಿದಿತ್ತೆ? ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ?

ನಾನಂತೂ ಹೇಳಲಾರದವರಲ್ಲಿ ಒಬ್ಬನಾಗಿದ್ದೆ. ಪ್ರಸಾದ ನಿಲಯದಲ್ಲಿದ್ದಾಗ ನಮಗೆ ಕನ್ನಡ ಕಲಿಸಿದ ಗುರುಗಳೊಬ್ಬರು ನಿವೃತ್ತರಾದ ಮೇಲೆ ಚಪ್ಪಲಿಯನ್ನು ತ್ಯಜಿಸಿದರು. ಅದು ಅವರು ತಾವಾಗಿಯೇ ಕೈಗೊಂಡ ವ್ರತ. ಸಕ್ಕರೆ ಕಾಯಿಲೆ ಅವರಿಗೆ ಬಹುಕಾಲದಿಂದ ಇದ್ದಿತು. ಒಂದು ಬಸವ ಜಯಂತಿಯ ದಿನ ಹಳೆಯ ವಿದ್ಯಾರ್ಥಿಗಳು ಹತ್ತು ಹನ್ನೆರಡು ಜನ ಕೂಡಿ ಅವರ ಮನೆಗೆ ಹೋದೆವು. ಒಬ್ಬರಾದ ಮೇಲೆ ಒಬ್ಬರು ಬಾಗಿ ಪಾದ ಮುಟ್ಟಿದೆವು. ಫಲಾಹಾರ ಸ್ವೀಕರಿಸಿ, ಹಳೆಯ ನೆನಪುಗಳನ್ನು ಹಂಚಿಕೊಂಡು ಹಿಂದಿರುಗಿದೆವು. ಹದಿನೈದು ದಿನ ಕಳೆಯುವಷ್ಟರಲ್ಲಿ ಅವರು ಆಸ್ಪತ್ರೆಗೆ ಸೇರಿದ ಸುದ್ದಿ ಬಂದಿತು. ಬಲಗಾಲಿನ ಅಂಗಾಲಿನಲ್ಲಿ ಹುಣ್ಣಾಗಿ, ಕೀವು ಮೇಲಕ್ಕೇರಿ, ಮೊಣಕಾಲಿನ ಕೆಳಗೆ ಕಾಲನ್ನು ತೆಗೆಯಲೇಬೇಕಾಯಿತು. ವೈದ್ಯರು ಹೊರಗೆ ಬಂದು ಕೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಇದು ಎರಡು ದಿನದ ಹುಣ್ಣಲ್ಲ, ತಿಂಗಳ ಹುಣ್ಣು. ಇಷ್ಟು ದಿನ ಇವರ ಕಾಲನ್ನು ಯಾರೂ ನೋಡಲಿಲ್ಲವೆ?” ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಆ ಹುಣ್ಣು ಇದ್ದ ದಿನಗಳಲ್ಲಿಯೇ ನಾವು ಅದೇ ಪಾದವನ್ನು ಮುಟ್ಟಿ ಬಂದಿದ್ದೆವು.

ಗುರುಗಳಿಗೇ ಅದು ತಿಳಿದಿರಲಿಲ್ಲವೆ ಎಂದು ನೀವು ಕೇಳಬಹುದು. ತಿಳಿದಿರಲಿಲ್ಲ. ಸಕ್ಕರೆ ಕಾಯಿಲೆ ಬಹಳ ವರ್ಷ ಕಾಡಿದವರ ಪಾದದ ನರಗಳು ಮೆಲ್ಲಮೆಲ್ಲನೆ ಮಂದವಾಗುತ್ತವೆ. ಮೊದಲು ಜೋಮು, ಉರಿ, ಇರುವೆ ಹರಿದಂಥ ಅನುಭವ. ಆಮೇಲೆ ಏನೂ ಇಲ್ಲ. ಮುಳ್ಳು ಚುಚ್ಚಿದರೂ ಇಲ್ಲ, ಕಾದ ಕಲ್ಲು ಸುಟ್ಟರೂ ಇಲ್ಲ. ರಕ್ತದ ಓಡಾಟವೂ ಕುಗ್ಗಿರುವುದರಿಂದ ಗಾಯ ಬೇಗ ಮಾಯುವುದಿಲ್ಲ. ನೋವಿಲ್ಲ ಎಂಬುದನ್ನೇ ಆರೋಗ್ಯವೆಂದು ಭಾವಿಸಿ ಮನುಷ್ಯನು ಆ ಗಾಯದ ಮೇಲೆಯೇ ನಡೆಯುತ್ತಾನೆ.

ನೋವಿನ ಈ ಮಹಿಮೆಯನ್ನು ಜಗತ್ತಿಗೆ ಬಿಡಿಸಿ ತೋರಿಸಿದ್ದು ನಮ್ಮ ನೆರೆನಾಡಿನಲ್ಲಿಯೇ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಜನಿಸಿದ ಡಾ. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿನ ಆಸ್ಪತ್ರೆಗೆ ಬಂದರು. ಕುಷ್ಠರೋಗಿಗಳ ಕೈಕಾಲುಗಳು ರೋಗದಿಂದಲೇ ಕೊಳೆತು ಉದುರುತ್ತವೆ ಎಂಬುದು ಆಗಿನ ಸಾಮಾನ್ಯ ನಂಬಿಕೆ. ಅದು ಹಾಗಲ್ಲ, ರೋಗವು ಅಪಹರಿಸುವುದು ನೋವನ್ನು; ನೋವಿಲ್ಲದವನು ತಿಳಿಯದೆ ತನ್ನ ಅವಯವಗಳನ್ನು ತಾನೇ ಸವೆಸಿಕೊಳ್ಳುತ್ತಾನೆ ಎಂದು ಅವರು ಕಂಡುಕೊಂಡರು. ಪಾದವನ್ನು ಅಂಗೈಯಿಂದ ಸವರಿ ನೋಡುವುದು ಅವರ ಕ್ರಮವಾಗಿತ್ತು. ಒಂದು ಜಾಗ ಉಳಿದ ಜಾಗಕ್ಕಿಂತ ಬಿಸಿಯಾಗಿದ್ದರೆ, ಅಲ್ಲಿ ಇನ್ನೂ ಹುಣ್ಣು ಕಾಣದಿದ್ದರೂ, ಬರಲಿದೆ ಎಂದು ತಿಳಿದು ಆ ಕಾಲಿಗೆ ವಿಶ್ರಾಂತಿ ಕೊಡುತ್ತಿದ್ದರು. ಕುಷ್ಠರೋಗಿಗಳ ಪಾದದಿಂದ ಕಲಿತ ಈ ಪಾಠವೇ ಮುಂದೆ ಮಧುಮೇಹಿಗಳ ಪಾದಕ್ಕೂ ಉಪಯೋಗವಾಯಿತು. ಸವರಿ ನೋಡಿದ ಕೈಗೂ ಮುಟ್ಟಿ ನಮಸ್ಕರಿಸಿದ ನಮ್ಮ ಕೈಗೂ ನಡುವೆ ಇದ್ದ ಅಂತರವನ್ನು ಯೋಚಿಸುತ್ತ ನಾನು ಅನೇಕ ರಾತ್ರಿ ನಿದ್ರೆಗೆಟ್ಟಿದ್ದೇನೆ.

ಇಲ್ಲಿ ಒಂದು ಆಕ್ಷೇಪವುಂಟು. ದೇಹ ನಶ್ವರವಾದುದು, ದಿನವೂ ಕಾಲನ್ನು ತಿರುಗಿಸಿ ನೋಡಿಕೊಳ್ಳುವುದು, ಎಣ್ಣೆ ತಿಕ್ಕುವುದು, ಮೆತ್ತನೆಯ ಪಾದರಕ್ಷೆಯನ್ನು ಅರಸುವುದು ದೇಹಾಭಿಮಾನವಲ್ಲವೆ ಎಂದು. ಮೇಲ್ನೋಟಕ್ಕೆ ವೈರಾಗ್ಯದಂತೆ ಕೇಳಿಸುವ ಮಾತಿದು. ಆದರೆ ನಮ್ಮ ರೈತನನ್ನು ನೋಡಿ. ದೂರದ ಜಾತ್ರೆಗೆ ಬಂಡಿ ಹೂಡುವ ಮುನ್ನ ಎತ್ತಿನ ಕಾಲನ್ನು ಎತ್ತಿ, ಗೊರಸನ್ನು ಪರೀಕ್ಷಿಸಿ, ಲಾಳ ಸವೆದಿದ್ದರೆ ಹೊಸದನ್ನು ಕಟ್ಟಿಸುತ್ತಾನೆ. ಅದನ್ನು ಯಾರಾದರೂ ವ್ಯಾಮೋಹವೆಂದು ಕರೆದದ್ದುಂಟೆ? ದುಡಿಯುವ ಜೀವಕ್ಕೆ ಸಲ್ಲಬೇಕಾದುದನ್ನು ಸಲ್ಲಿಸುವುದು ಧರ್ಮವೆಂದು ಅವನು ಬಲ್ಲ. ಕಾಯಕವನ್ನು ಕೈಲಾಸವೆಂದು ನಂಬಿದ ನಾವು, ಆ ಕಾಯಕಕ್ಕೆ ನಮ್ಮನ್ನು ಹೊತ್ತೊಯ್ಯುವ ಕಾಲಿಗೆ ಎತ್ತಿನ ಕಾಲಿಗಿರುವಷ್ಟಾದರೂ ಗೌರವ ಕೊಡಬೇಕು. ತನ್ನ ಅಲಕ್ಷ್ಯದಿಂದ ಕಾಲು ಕಳೆದುಕೊಂಡವನ ಭಾರವನ್ನು ಹೊರುವವರು ಮಡದಿ ಮಕ್ಕಳು. ತ್ಯಾಗ ಅವನದು, ಹೊರೆ ಅವರದು ಎಂದಾದರೆ ಅದು ಎಂಥ ತ್ಯಾಗ!

ಇನ್ನೊಂದು ಸಂಕೋಚವೂ ನಮ್ಮಲ್ಲಿದೆ. ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಕೆಟ್ಟದು. ಪೂಜ್ಯರ ಪಾದವಾದರೆ ಪವಿತ್ರ. ಉಳಿದವರ ಪಾದವನ್ನು ಕೈಯಲ್ಲಿ ಹಿಡಿಯುವುದು ಕೀಳು ಕೆಲಸ ಎಂಬ ಭಾವನೆ. ಮನುಷ್ಯನ ಪಾದದ ಅಳತೆ, ಅದರ ಉಬ್ಬುತಗ್ಗು, ಅದು ಎಲ್ಲಿ ಸವೆಯುತ್ತದೆ ಎಂಬುದನ್ನು ಬಲ್ಲವರು ಪಾದರಕ್ಷೆ ಮಾಡುವವರು. ಅವರನ್ನೇ ಸಮಾಜ ಶತಮಾನಗಳ ಕಾಲ ದೂರ ನಿಲ್ಲಿಸಿತು. ಕಲ್ಯಾಣದ ಶರಣರಲ್ಲಿ ಹರಳಯ್ಯನವರ ಕಾಯಕ ಅದೇ ಆಗಿತ್ತು. ತಾವು “ಶರಣು” ಎಂದುದಕ್ಕೆ ಬಸವಣ್ಣನವರು “ಶರಣು ಶರಣಾರ್ಥಿ” ಎಂದು ಹೆಚ್ಚಾಗಿ ವಂದಿಸಿದರೆಂದು, ಆ ಋಣ ತೀರಿಸಲು ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರೆಂದು, ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರೆಂದು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಆ ಕಥೆಯನ್ನು ಕೇಳುವಾಗ ನಮ್ಮ ಕಣ್ಣು ತೇವವಾಗುತ್ತದೆ. ಆದರೆ ಮನೆಯಲ್ಲಿ ವೃದ್ಧ ತಾಯಿಯ ಕಾಲ್ಬೆರಳ ಉಗುರು ಕತ್ತರಿಸುವವರಾರು ಎಂಬ ಪ್ರಶ್ನೆ ಬಂದಾಗ ಗಂಡುಮಕ್ಕಳೆಲ್ಲ ಪತ್ರಿಕೆಯಲ್ಲಿ ಮುಖ ಮರೆಸಿಕೊಳ್ಳುತ್ತೇವೆ.

ಬರಿಗಾಲಿನ ವ್ರತದ ವಿಷಯವನ್ನೂ ಹೇಳಬೇಕು. ಯುಗಾದಿಯ ವೇಳೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಗಳಿಂದ ಸಹಸ್ರಾರು ಭಕ್ತರು ಕಂಬಿ ಹೊತ್ತು, ನಲ್ಲಮಲೆಯ ಕಾಡನ್ನು ದಾಟಿ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಆ ಭಕ್ತಿಯನ್ನು ಪ್ರಶ್ನಿಸುವಷ್ಟು ದೊಡ್ಡವನು ನಾನಲ್ಲ. ಆ ದಾರಿಯಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ನಡೆಯುವವರಿಗಿಂತ, ಹಳ್ಳಿ ಹಳ್ಳಿಯಲ್ಲಿ ಅವರಿಗಾಗಿ ಕಾದಿರುವವರು. ಅಪರಿಚಿತನನ್ನು ಕೂರಿಸಿ, ಬಿಸಿನೀರಿನಲ್ಲಿ ಕಾಲು ತೊಳೆದು, ಬೊಬ್ಬೆಗೆ ಮುಲಾಮು ಹಚ್ಚಿ, ಮೀನಖಂಡಕ್ಕೆ ಎಣ್ಣೆ ತಿಕ್ಕಿ ಕಳುಹಿಸುತ್ತಾರೆ. ಜಾತಿ ಕೇಳುವುದಿಲ್ಲ, ಹೆಸರು ಕೇಳುವುದಿಲ್ಲ. ಅವರು ಪಾದವನ್ನು ನಿಜವಾಗಿ ನೋಡುತ್ತಾರೆ. ಆದರೆ ಪಾದದ ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗೆ ಬರಿಗಾಲಿನ ವ್ರತ ಸಲ್ಲದು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಬೇಸಗೆಯ ಮಧ್ಯಾಹ್ನ ದೇವಾಲಯದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಮಾಡಿ, ಅಂಗಾಲು ಸುಟ್ಟುಕೊಂಡು, ಸಂಜೆ ಮನೆಯವರು ಹೇಳಿದ ಮೇಲೆ ತಿಳಿದವರಿದ್ದಾರೆ. ಅಂಥವರು ಬೆಳಗಿನ ತಂಪಿನಲ್ಲಿ ದರ್ಶನ ಪಡೆಯಲಿ, ಒಳಗೆ ದಪ್ಪ ಕಾಲುಚೀಲ ಧರಿಸಲಿ. ದೇವರು ಅದಕ್ಕೆ ಮುನಿಯಲಾರನು.

ನೋಡುವ ಕ್ರಮ ಕಷ್ಟದ್ದಲ್ಲ. ರಾತ್ರಿ ಮಲಗುವ ಮುನ್ನ ಪಾದಗಳನ್ನು ತೊಳೆದು, ಬೆರಳುಗಳ ಸಂದಿಯನ್ನು ಬಟ್ಟೆಯಿಂದ ಒಣಗುವಂತೆ ಒರೆಸಬೇಕು. ತೇವ ಉಳಿದಲ್ಲಿ ಹುಕ್ಕು ಬರುತ್ತದೆ. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಬೇಡ. ಅಂಗಾಲು ಕಾಣದಿದ್ದರೆ ನೆಲದ ಮೇಲೆ ಕನ್ನಡಿಯಿಟ್ಟು ನೋಡಿಕೊಳ್ಳಬೇಕು, ಇಲ್ಲವೆ ಮನೆಯವರಿಗೆ ತೋರಿಸಬೇಕು. ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆಗಳನ್ನು ಒಳಕ್ಕೆ ಕೊರೆಯಬಾರದು. ಆಣಿಯನ್ನು ಬ್ಲೇಡಿನಿಂದ ಕೆತ್ತುವ ಸಾಹಸವಂತೂ ಬೇಡವೇ ಬೇಡ. ಪಾದರಕ್ಷೆಯನ್ನು ಸಂಜೆಯ ಹೊತ್ತು ಕೊಳ್ಳುವುದು ಲೇಸು; ದಿನವೆಲ್ಲ ಓಡಾಡಿದ ಕಾಲು ಸ್ವಲ್ಪ ಊದಿರುವುದರಿಂದ ಆಗ ಸರಿಯೆನಿಸಿದ್ದು ಮುಂದೆ ಬಿಗಿಯಾಗದು.

ಇಷ್ಟೆಲ್ಲ ಕಾಪಾಡುವುದು ಏತಕ್ಕೆ? ನಡೆಯುವುದಕ್ಕೆ. ಒಂದೊಂದು ಪಾದದಲ್ಲಿ 26 ಎಲುಬುಗಳಿವೆ. ಎರಡೂ ಸೇರಿದರೆ ದೇಹದ ಒಟ್ಟು ಎಲುಬುಗಳಲ್ಲಿ ಕಾಲುಭಾಗ. ಹೆಜ್ಜೆಯಿಡುವಾಗ ಅಂಗಾಲಿನ ಕಮಾನು ತುಸು ತಗ್ಗಿ ಭಾರವನ್ನು ತಾಳಿಕೊಂಡು ಮತ್ತೆ ಮೇಲೇಳುತ್ತದೆ. ಮೀನಖಂಡದ ಸ್ನಾಯು ಹಿಂಡಿ, ಕೆಳಗೆ ನಿಂತ ರಕ್ತವನ್ನು ಹೃದಯದತ್ತ ಮೇಲಕ್ಕೆ ತಳ್ಳುತ್ತದೆ. ಕುಳಿತವನಲ್ಲಿ ಈ ಪಂಪು ಮಲಗಿರುತ್ತದೆ. ಲಂಡನ್ ನಗರದ ಬಸ್ಸುಗಳ ಬಗ್ಗೆ 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ದಿನವೆಲ್ಲ ಕುಳಿತಿರುವ ಚಾಲಕರಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲನ್ನು ಹತ್ತಿಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ಒಂದೇ ಬಸ್ಸು, ಒಂದೇ ದಾರಿ!

ದಿನಕ್ಕೆ 10,000 ಹೆಜ್ಜೆ ನಡೆಯಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಹಬ್ಬಿದ ಸಂಖ್ಯೆ, ಶಾಸ್ತ್ರವಾಕ್ಯವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಸೂಚಿಸಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ. ಚುರುಕಾಗಿ ನಡೆದರೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಸಾಕು. ಅಭ್ಯಾಸವಿಲ್ಲದವರು ಹತ್ತು ನಿಮಿಷದಿಂದ ಆರಂಭಿಸಲಿ. ಅಂಗಾಲಿನಲ್ಲಿ ಹುಣ್ಣಿರುವವರು ಮಾತ್ರ ವೈದ್ಯರು ಹೇಳುವವರೆಗೆ ನಡೆಯಲೇಕೂಡದು. ಅವರಿಗೆ ವಿಶ್ರಾಂತಿಯೇ ಔಷಧ. ಮೈಲುಗಟ್ಟಲೆ ನಡೆದು ಮಠದ ಶಾಲೆಗೆ ಬಂದು ಓದಿದ ನಮ್ಮ ಓರಗೆಯವರು ಇಂದು ಬೀದಿಯ ತುದಿಯ ಅಂಗಡಿಗೂ ವಾಹನ ಹೊರಡಿಸುವುದನ್ನು ಕಂಡಾಗ ನಗು ಬರುತ್ತದೆ. ಹಾಗೆ ನಕ್ಕ ನಾನೂ ಬಹಳ ದಿನ ಅವರಲ್ಲೊಬ್ಬನಾಗಿದ್ದೆ.

ಗುರುಗಳಿಗೆ ಗಾಯ ಮಾಗಿದ ಮೇಲೆ ಉಚಿತ ಶಿಬಿರವೊಂದರಲ್ಲಿ ಜೈಪುರದ ಕಾಲನ್ನು ಜೋಡಿಸಿದರು. ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಮತ್ತು ಡಾ. ಪಿ. ಕೆ. ಸೇಥಿಯವರು 1968ರ ಸುಮಾರಿಗೆ ರೂಪಿಸಿದ ಈ ಕಾಲಿನಲ್ಲಿ ನಮ್ಮ ನೆಲದ ಮೇಲೆ ನಡೆಯಬಹುದು, ಮಂಡಿ ಮಡಿಸಿ ಕೂರಲೂಬಹುದು. ಈಗ ಅವರು ಸಂಜೆ ಮಠದ ಅಂಗಳದಲ್ಲಿ ಕೋಲು ಹಿಡಿದು ಮೂರು ಸುತ್ತು ಹಾಕುತ್ತಾರೆ, ಚಪ್ಪಲಿ ಧರಿಸಿ. ಕಳೆದ ತಿಂಗಳು ಹೋಗಿದ್ದಾಗ ಎಂದಿನಂತೆ ಬಾಗಿದೆ. ಅವರು ನನ್ನ ಭುಜ ಹಿಡಿದು ತಡೆದು, ಕಟ್ಟೆಯ ಮೇಲೆ ಕುಳಿತು, ಎಡಗಾಲನ್ನು ಬೆಳಕಿನತ್ತ ಚಾಚಿದರು. “ತಮ್ಮಾ, ನನ್ನ ಕಣ್ಣು ಮಂಜಾಗಿದೆ. ಕನ್ನಡಕ ಹಾಕಿಕೊಂಡು ಬೆರಳ ಸಂದಿ ಒಂದಿಷ್ಟು ನೋಡು” ಎಂದರು. ನಾನು ಕಿಸೆಯಿಂದ ಕನ್ನಡಕ ತೆಗೆದೆ.